ಬೆಟ್ಟದ ಮೇಲೊಂದು ಮನೆ

ವನವಾಸದಲ್ಲಿ ಸೀತಮ್ಮ ಒಂದು ಹಳೆಯ ಊರಿನ ಬೆಟ್ಟದ ಮೇಲೆ ಕಲ್ಲಿನ ಮೇಲೆ ಕಲ್ಲಿಟ್ಟು, ತನಗೊಂದು ಮನೆಯಾಗಲೆಂದು ಬೇಡಿದಳಂತೆ. ಇಂದಿಗೂ ಮನೆಯಿಲ್ಲದವರು ಅಲ್ಲಿಗೆ ಹತ್ತಿ ಹೋಗಿ, ಹಾಗೆಯೇ ಪುಟ್ಟ ಮನೆ ಕಟ್ಟಿ ಕೈಮುಗಿಯುತ್ತಾರೆ.

ಅಂದು ಹತ್ತಿ ಬಂದ ವಯಸ್ಸಾದ ಗಂಡ-ಹೆಂಡಿರಲ್ಲಿ ಹೆಂಡತಿ ಕಲ್ಲು ಜೋಡಿಸತೊಡಗಿದಳು.

“ಇರೋ ಮನೆ ಸಾಲದೇನೇ? ಈ ವಯಸ್ಸಲ್ಲಿ ಮಹಡಿ ಬೇಕಾ ನಿಂಗೆ?” ಎಂದು ಗಂಡ ನಕ್ಕ.

“ನನಗಲ್ಲ ರೀ, ಸತ್ತ ನಮ್ಮ ಮಗಳಿಗೆ. ದಿನಾ ದೀಪ ಹಚ್ಚೋ ಹೊತ್ತಿಗೆ ಬಂದು ಬಾಗಿಲು ತಟ್ತಾಳೆ. ತೆಗೆದ್ರೆ ಯಾರೂ ಇರಲ್ಲ. ಎಷ್ಟು ದಿನ ಅಂತ ಅಲೀತಾಳೆ, ಪಾಪ? ಅವಳಿಗೂ ಒಂದು ನೆಲೆಯಾಗಲಿ.”



ಕೊನೆಯ ಕಲ್ಲಿಟ್ಟು ಅವಳು ಕಣ್ಣು ಮುಚ್ಚಿ ಕೈಮುಗಿದಳು. ಅವನು ಬಗ್ಗಿ, ಆ ಮನೆಯನ್ನು ಕೈಯಿಂದ ತಳ್ಳಿ ಕೆಡವಿದ.

“ಅಯ್ಯೋ, ಇದೇನು ಮಾಡಿದ್ರಿ!”

“ಇಲ್ಲಿ ಮನೆ ಸಿಕ್ಕಿಬಿಟ್ರೆ, ಅವಳು ನಮ್ಮನೆಗೆ ಬರೋದೇ ಇಲ್ವಲ್ಲೇ.”