ಅಂಚೆ ಕಚೇರಿ ದಾಟಿ ಎಡಕ್ಕೆ

ಬೆಳಗ್ಗೆ ಏಳಕ್ಕೆಲ್ಲ ಹುಡುಗಿ ತನ್ನ ಸೂಟ್‌ಕೇಸನ್ನು ಹೊಲಿಗೆ ಯಂತ್ರದ ಪಕ್ಕ ತಂದು ನಿಲ್ಲಿಸಿ, "ಚಿಕ್ಕಮ್ಮ, ನಾನು ಊರಿಗೆ ಹೋಗ್ತೀನಿ," ಎಂದಳು. ಬಂದು ಇನ್ನೂ ಒಂದು ತಿಂಗಳು, ಉಳಿಯಬೇಕಾದದ್ದು ಇನ್ನೆರಡು. ಎರಡು ದೇಶಗಳ ಎರಡು ಶಾಲೆಗಳು ಮಾಡಿಕೊಂಡ ಏರ್ಪಾಡು ಅದು: ಇವಳು ಇಲ್ಲಿಗೆ, ಟೈಲರಮ್ಮನ ಮಗಳು ಇವಳ ಮನೆಗೆ. ಒಬ್ಬಳ ಮಂಚ, ಮೇಜು, ಪಾತ್ರೆ ತೊಳೆಯುವ ಸರದಿ ಕೂಡ ಇನ್ನೊಬ್ಬಳಿಗೆ. "ಆಂಟಿ ಗೀಂಟಿ ಬೇಡಮ್ಮ, ವಯಸ್ಸಾದ ಹಾಗಾಗುತ್ತೆ" ಎಂದು ಚಿಕ್ಕಮ್ಮ ಅನ್ನಿಸಿಕೊಂಡವಳೂ ಟೈಲರಮ್ಮನೇ.

"ಯಾಕೆ ಪುಟ್ಟಿ? ಊಟ ಸೇರ್ತಿಲ್ವಾ? ಶಾಲೇಲಿ ಯಾರಾದ್ರೂ ಏನಾದ್ರೂ ಅಂದ್ರಾ?"

"ಅಪ್ಪ ಬರ್ತಿಲ್ಲ."

ಟೈಲರಮ್ಮನ ಕಾಲು ಪೆಡಲಿನ ಮೇಲೆ ಹಾಗೇ ನಿಂತಿತು. ಬಸ್ ಡ್ರೈವರಾಗಿದ್ದ ಅಪ್ಪ ತೀರಿಕೊಂಡು ಎರಡು ವರ್ಷ. ಆಮೇಲೂ ವಾರಕ್ಕೊಮ್ಮೆ ಮಗಳ ಕನಸಿಗೆ ಬರುತ್ತಿದ್ದರಂತೆ. ಡ್ಯೂಟಿ ಮುಗಿಸಿ ಬಂದ ಹಾಗೆ, ಮಂಚದ ತುದಿಯಲ್ಲಿ ಸುಮ್ಮನೆ ಕೂತು ಹೋಗುತ್ತಿದ್ದರಂತೆ. ಇಲ್ಲಿಗೆ ಬಂದ ಮೇಲೆ ಒಮ್ಮೆಯೂ ಇಲ್ಲ.

"ಇನ್ನೂ ಎರಡು ತಿಂಗಳು ಬಿಟ್ರೆ ಅವರು ಬರೋದನ್ನೇ ಮರೆತುಬಿಡ್ತಾರೆ, ಚಿಕ್ಕಮ್ಮ."

ಅಷ್ಟರಲ್ಲಿ ಟೈಲರಮ್ಮನ ಫೋನು ಬಡಿದುಕೊಂಡಿತು. ಮಗಳು. ಅಲ್ಲಿ ಆಗ ಮಧ್ಯಾಹ್ನ, ಊಟದ ಬಿಡುವು. ಹೊಲಿಯುವ ಕೈ ಬಿಡುವಾಗಿರಲೆಂದು ಟೈಲರಮ್ಮ ಯಾವತ್ತೂ ಸ್ಪೀಕರ್ ಹಾಕಿಯೇ ಮಾತಾಡುವುದು.

"ಅಮ್ಮಾ, ನಗಬಾರದು. ರಾತ್ರಿ ಒಂದು ಕನಸು. ದೊಡ್ಡ ಮೀಸೆಯವರು, ನೀಲಿ ಅಂಗಿ, ಎದೆ ಜೇಬಲ್ಲಿ ಬಾಚಣಿಗೆ. ಮಂಚದ ಹತ್ರ ಬಂದು ನನ್ನನ್ನ ನೋಡಿ, 'ಅರೆ, ನಮ್ಮ ಹುಡುಗಿ ಎಲ್ಲಿ?' ಅಂದ್ರು."

"ಬಾಚಣಿಗೆ," ಎಂದಳು ಹುಡುಗಿ ಮೆಲ್ಲಗೆ. ಸೂಟ್‌ಕೇಸಿನ ಹಿಡಿ ಅವಳ ಕೈಯಿಂದ ಜಾರಿತು.

"ನೀನೇನಂದೆ?" ಎಂದಳು ಟೈಲರಮ್ಮ.

"ನಮ್ಮನೇಲಿದಾಳೆ ಅಂಕಲ್ ಅಂದೆ. ದಾರಿ ಕೇಳಿದ್ರು. ಸುಮ್ನೆ ಅಲ್ಲಮ್ಮ! ಯಾವ ಸ್ಟಾಪು, ಎಷ್ಟನೇ ತಿರುವು, ರಸ್ತೆ ಅಗಲ ಇದೆಯಾ, ಎಲ್ಲಾ ಕೇಳಿದ್ರು. ಅಂಚೆ ಕಚೇರಿ ದಾಟಿ ಎಡಕ್ಕೆ ಅಂತ ಹೇಳಿದೆ."

"ಎಡಕ್ಕಾ?" ಟೈಲರಮ್ಮ ಎದ್ದೇ ನಿಂತಳು. "ನಮ್ಮನೆ ಇರೋದು ಬಲಕ್ಕಲ್ವೇನೇ! ಎಡತೋಳನ್ನ ತಂದು ಬಲಕ್ಕೆ ಹೊಲಿದವಳು ನೀನು, ಹೋಗಿ ಹೋಗಿ ನಿನ್ನ ಹತ್ರ ದಾರಿ ಕೇಳಿದ್ರಲ್ಲ!"

"ಅಯ್ಯೋ, ಹೌದಲ್ವಾ... ಈಗೇನ್ಮಾಡ್ಲಮ್ಮ?"

"ಮಾಡೋದೇನು, ಹೋಗಿ ಮಲಕ್ಕೋ! ಮತ್ತೆ ಬಂದ್ರೆ ಸರಿಯಾಗಿ ಹೇಳು."

"ಇನ್ನೂ ಗಣಿತದ ಕ್ಲಾಸಿದೆ."

"ಗಣಿತದ ಕ್ಲಾಸಲ್ಲಿ ನೀನು ಮಲಗದೇ ಇದ್ದದ್ದು ಯಾವಾಗ?"

ಫೋನಿಟ್ಟು ತಿರುಗಿದರೆ ಸೂಟ್‌ಕೇಸು ಅಲ್ಲೇ ಇತ್ತು, ಬಾಗಿಲು ಹಾರು ಹೊಡೆದಿತ್ತು. ಹುಡುಗಿ ಇಲ್ಲ.

ಟೈಲರಮ್ಮ ಚಪ್ಪಲಿ ಮೆಟ್ಟಿ ಹೊರಟಳು. ಬೀದಿಯ ಮಂಜು ಇನ್ನೂ ಕರಗಿರಲಿಲ್ಲ. ಮನೆಗಳು ನೆಲಕ್ಕೆ ತಾಗದೆ ನಿಂತ ಹಾಗಿದ್ದವು. ಒಂದು ಸೈಕಲ್ಲು ಬರೀ ಗಂಟೆಯ ಸದ್ದಾಗಿ ಪಕ್ಕದಲ್ಲೇ ಹಾದುಹೋಯಿತು. ಅಂಚೆ ಕಚೇರಿ ದಾಟಿ ಅವಳು ಎಡಕ್ಕೆ ತಿರುಗಿದಳು. ಅಲ್ಲಿದ್ದದ್ದು ಒಂದು ಬಸ್ ನಿಲ್ದಾಣ, ಒಂದು ಸಿಮೆಂಟು ಬೆಂಚು. ಹುಡುಗಿ ಬರಿಗಾಲಲ್ಲೇ, ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಗದರಬೇಕೆಂದು ಬಂದ ಟೈಲರಮ್ಮ ಪಕ್ಕದಲ್ಲಿ ಕೂತು, ತನ್ನ ಶಾಲಿನ ಅರ್ಧವನ್ನು ಅವಳಿಗೆ ಹೊದಿಸಿದಳು.

ಮಂಜಿನೊಳಗಿಂದ ಮೊದಲು ಎರಡು ದೀಪ ಬಂದವು, ಅವುಗಳ ಹಿಂದೆ ಬಸ್ಸು. ನಿಂತಿತು. ಬಾಗಿಲು ತೆರೆದುಕೊಂಡಿತು. ಡ್ರೈವರನ್ನು ಬಿಟ್ಟರೆ ಒಳಗೆ ಒಬ್ಬರೂ ಇರಲಿಲ್ಲ.

"ಹತ್ತಲ್ವೇನಮ್ಮಾ?" ಎಂದು ಡ್ರೈವರ್ ಕೂಗಿದ.

"ಇಲ್ಲಣ್ಣ, ನಾವು ಹತ್ತೋರಲ್ಲ," ಎಂದಳು ಟೈಲರಮ್ಮ. "ಇಳಿಯೋರಿದಾರೆ. ಒಂದು ನಿಮಿಷ ನಿಲ್ಲಿಸಿ."

ಡ್ರೈವರ್ ಕನ್ನಡಿಯಲ್ಲಿ ಖಾಲಿ ಸೀಟುಗಳನ್ನು ನೋಡಿದ. ಬೆಂಚಿನ ಮೇಲಿದ್ದ ಇಬ್ಬರನ್ನು ನೋಡಿದ. ಆಮೇಲೆ ಎಂಜಿನ್ ಆಫ್ ಮಾಡಿದ.