ಕುಂಟಲಪದವಿನ ಕಲ್ಲು

ಕಾವೂರಿನಲ್ಲಿ ಬಸ್ಸಿಳಿದ ಕೂಡಲೇ ತಾರಾನಾಥರು ನಕಾಶೆಯ ಸುರುಳಿಯನ್ನು ಮಡಚಿದ ಕೊಡೆಯೊಳಗೆ ತುರುಕಿದರು. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವರು, ಕದ್ರಿಯಲ್ಲಿ ಸ್ವಂತ ಮನೆ ಇರುವವರು, ಕಳ್ಳಮಾಲು ಸಾಗಿಸುವವರ ಹಾಗೆ ಅತ್ತಿತ್ತ ನೋಡುತ್ತ ಗುಡ್ಡದ ದಾರಿ ಹಿಡಿದರು. ಹುಟ್ಟೂರಿನಲ್ಲಿ ಹೀಗೆ ತಲೆ ತಗ್ಗಿಸಿ ನಡೆಯುವ ಕರ್ಮ ಅವರಿಗೆ ಬಂದದ್ದು ಮೊನ್ನೆ ಭಾನುವಾರದಿಂದ.

ಅಲ್ಲಿಯವರೆಗೆ ಕುಂಟಲಪದವಿನಲ್ಲಿ ಅವರಷ್ಟು ದೊಡ್ಡ ಮನುಷ್ಯ ಇನ್ನೊಬ್ಬರಿರಲಿಲ್ಲ. ಗುಡ್ಡದ ನೆತ್ತಿಯಲ್ಲೊಂದು ಕಲ್ಲು ಇತ್ತು. ಅದರ ಮೇಲೆ ಕೊರೆದ ವೃತ್ತ, ನಡುವೆ ಒಂದು ಚುಕ್ಕಿ. ಊರವರು ಅದಕ್ಕೆ ಹೂ ಇಡುತ್ತಿದ್ದರು. ಯಾವ ದೈವದ್ದೆಂದು ಯಾರಿಗೂ ಗೊತ್ತಿರಲಿಲ್ಲ. ವಿದ್ವಾಂಸರಿಗೆ ಗೊತ್ತಾಗದ್ದು ಉಂಟೇ? ಆರುನೂರು ವರ್ಷಗಳ ಹಿಂದೆ ಊರಿನ ಯಜಮಾನಿಕೆ ನಡೆಸಿದ ತಮ್ಮ ಗುತ್ತಿನ ಮನೆಯ ಹಿರಿಯರೇ ಪ್ರತಿಷ್ಠೆ ಮಾಡಿಸಿದ ಕಲ್ಲು ಅದು ಎಂದು ತಾರಾನಾಥರು ಪತ್ರಿಕೆಯಲ್ಲಿ ಬರೆದೇಬಿಟ್ಟರು.

ಅದೇ ವರ್ಷ, ಎಂಬತ್ತೊಂದರಲ್ಲಿ, ತೊಕ್ಕೊಟ್ಟಿನಲ್ಲಿ ಜವಳಿ ಅಂಗಡಿ ಇಟ್ಟಿದ್ದ ಸುಲೈಮಾನ್ ಆ ಗುಡ್ಡದಲ್ಲಿ ಜಾಗ ಕೊಂಡು ಮನೆಗೆ ಪಾಯ ತೋಡಿಸಿದರು. ಕಲ್ಲು ಅವರ ಗೇಟಿನ ಒಳಗೆ ಬಂತು. ಊರು ಗುಸುಗುಸು ಎಂದಿತು. ಶಾಲೆಯ ಅಂಗಳದಲ್ಲಿ ಸಭೆ ಸೇರಿತು. ತಾರಾನಾಥರು ಮೈಕಿನ ಮುಂದೆ ನಿಂತು, "ಹಣ ಉಂಟೆಂದು ಚರಿತ್ರೆಯನ್ನು ಕಂಪೌಂಡಿನೊಳಗೆ ಹಾಕಿಕೊಳ್ಳಲಿಕ್ಕೆ ಆಗುವುದಿಲ್ಲ" ಎಂದರು. ಚಪ್ಪಾಳೆಯೋ ಚಪ್ಪಾಳೆ. ಸುಲೈಮಾನ್ ಎದ್ದು ನಿಂತರು. ಬಗಲಿನ ಚೀಲಕ್ಕೆ ಕೈ ಹಾಕಿದರು. ಒಮ್ಮೆ ಜನರನ್ನು ನೋಡಿದರು. ಬರಿಗೈಯನ್ನು ಹೊರಗೆ ತೆಗೆದು, "ಸಾರ್ ಹೇಳಿದ ಹಾಗೆ ಆಗಲಿ" ಎಂದು ಕೂತುಬಿಟ್ಟರು. ಜನ ನೋಡಿ ಹೆದರಿದ ಎಂದುಕೊಂಡರು ತಾರಾನಾಥರು. ಆ ಸಂಜೆ ಮನೆಯಲ್ಲಿ ಅಮ್ಮ ಉಪ್ಪು ಮೆಣಸು ನಿವಾಳಿಸಿ ಮಗನ ದೃಷ್ಟಿ ತೆಗೆದರು.

ದಾರಿಯ ಕಡೆಯ ಜಾಗವೆಲ್ಲ ಕಲ್ಲಿಗೆ ಹೋಯಿತು. ಸುಲೈಮಾನ್ ಪಾಯ ಮುಚ್ಚಿಸಿ, ಮನೆಯನ್ನೇ ತಿರುಗಿಸಿ ಕಟ್ಟಿದರು. ಜಗಲಿ ಹಿತ್ತಿಲಿಗೆ, ಅಡುಗೆಮನೆ ರಸ್ತೆಗೆ. ಊರವರು ಅದಕ್ಕೆ ಬೆನ್ನುಮನೆ ಎಂದು ಹೆಸರಿಟ್ಟು ನಕ್ಕರು. ತಾರಾನಾಥರೂ ನಕ್ಕಿದ್ದರು.

ಎರಡು ವರ್ಷ ಕಳೆಯಿತು. ಊರಿನ ಚರಿತ್ರೆಯನ್ನು ಪುಸ್ತಕ ಮಾಡುವ ಹುರುಪಿನಲ್ಲಿದ್ದ ತಾರಾನಾಥರಿಗೆ ಕದ್ರಿಯಲ್ಲಿ ಪಕ್ಕದ ಮನೆಯ ಯೂಸ್ಟೇಸ್ ಪಿಂಟೊ ಬ್ರಿಟಿಷರ ಕಾಲದ ಸರ್ವೆ ನಕಾಶೆಯೊಂದನ್ನು ತಂದುಕೊಟ್ಟರು. ಅದನ್ನು ಊಟದ ಮೇಜಿನ ಮೇಲೆ ಹರಡಿ ತಾರಾನಾಥರು ಮಗುವಿನಂತೆ ಖುಷಿಪಟ್ಟರು. ಈಗ ಬಸ್ಸು ಓಡುವಲ್ಲಿ ಗದ್ದೆ. ಈಗ ಹಂಚಿನ ಕಾರ್ಖಾನೆ ಇರುವಲ್ಲಿ ಕೆರೆ. ಅಜ್ಜಿ ಹೇಳುತ್ತಿದ್ದ ಕಾಲುದಾರಿ ಚುಕ್ಕಿ ಚುಕ್ಕಿಯಾಗಿ ಹೊಳೆಯವರೆಗೆ ಹೋಗಿತ್ತು. ಬೆರಳು ಆ ದಾರಿಯಲ್ಲೇ ನಡೆದು ಗುಡ್ಡ ಹತ್ತಿತು. ನೆತ್ತಿಯಲ್ಲೊಂದು ಪುಟ್ಟ ತ್ರಿಕೋನ, ಪಕ್ಕದಲ್ಲಿ ಗುಡ್ಡದ ಎತ್ತರ.

"ಇದು ಎಂತ?" ಎಂದು ಕೇಳಿದರು.

"ಅಳತೆಯವರ ಕಲ್ಲು ಮಾರಾಯ್ರೆ. ಗುಡ್ಡದ ತುದಿಯಲ್ಲಿ ನೆಟ್ಟು, ವೃತ್ತ ಕೊರೆದು, ನಡುವೆ ಚುಕ್ಕಿ ಇಡ್ತಿದ್ದರು. ನಮ್ಮ ಅಜ್ಜ ಆ ಸರ್ವೆ ಪಾರ್ಟಿಯಲ್ಲಿ ಗುಮಾಸ್ತ" ಎಂದರು ಯೂಸ್ಟೇಸ್.

ತಾರಾನಾಥರ ಕಿವಿ ಬಿಸಿಯಾಯಿತು. ಅಳತೆಗಾರರ ಕಲ್ಲಿಗೆ ಆರುನೂರು ವರ್ಷದ ಆಯುಷ್ಯ ಕೊಟ್ಟು, ಅದರ ಹೆಸರಿನಲ್ಲಿ ಒಬ್ಬನ ಮನೆಯನ್ನು ಹಿಂದೆಮುಂದೆ ಮಾಡಿಸಿದ್ದರು. ಬಾಯಿ ಮುಚ್ಚಿಕೊಂಡಿದ್ದರೆ ಪುಸ್ತಕ ಅಚ್ಚಾಗುತ್ತದೆ, ಸನ್ಮಾನವೂ ಆಗುತ್ತದೆ. ಹೇಳಿದರೆ ಸುಲೈಮಾನ್ ಜಾಗ ವಾಪಸು ಕೇಳುತ್ತಾರೆ, ಮಾನ ಮೂರು ಕಾಸಿಗೆ ಹರಾಜಾಗುತ್ತದೆ. ಮೂರು ರಾತ್ರಿ ಹೊರಳಾಡಿದ ಮೇಲೆ, ಮಾಡಿದ ತಪ್ಪಿನ ನಾಚಿಕೆಯೇ ಗೆದ್ದಿತು; ನಕಾಶೆ ಹಿಡಿದು ಊರಿನ ಬಸ್ಸು ಹತ್ತಿದ್ದರು.

ಗುಡ್ಡ ಹತ್ತಿದ ಮೇಲೆ ಸುಲೈಮಾನರ ಜಗಲಿ ಹುಡುಕಿಕೊಂಡು ಮನೆಯನ್ನು ಅರ್ಧ ಸುತ್ತಬೇಕಾಯಿತು. ಸುಲೈಮಾನ್ ಎದ್ದು ನಿಂತು, "ಬನ್ನಿ ಸಾರ್, ಕೂತುಕೊಳ್ಳಿ" ಎಂದರು. ಅವರ ಹೆಂಡತಿ ಮುಮ್ತಾಝ್ ಚಾ ತಂದಿಟ್ಟು ಬಾಗಿಲ ಹತ್ತಿರ ನಿಂತರು. ತಾರಾನಾಥರು ಕೊಡೆಯೊಳಗಿಂದ ನಕಾಶೆ ಎಳೆದು ಬೆಂಚಿನ ಮೇಲೆ ಹರಡಿದರು.

"ಸಾಹೇಬರೇ, ನಾನು ನಿಮಗೆ ಅನ್ಯಾಯ ಮಾಡಿದೆ. ಅದು ದೈವದ ಕಲ್ಲಲ್ಲ. ಸರ್ವೆಯವರು ನೆಟ್ಟದ್ದು. ಇಲ್ಲಿ ನೋಡಿ."

ಸುಲೈಮಾನ್ ನೋಡಲಿಲ್ಲ. "ಚಾ ತಣಿಯುತ್ತದೆ ಸಾರ್" ಎಂದರು.

"ನೀವು ಕೋರ್ಟಿಗೆ ಹೋಗಿ. ನಾನೇ ಬಂದು ಸಾಕ್ಷಿ ಹೇಳ್ತೇನೆ."

"ಎಂತಕ್ಕೆ ಸಾರ್? ಜನ ಹೂ ಇಡ್ತಾರೆ. ಇಡಲಿ. ನಮಗೆ ಈ ಕಡೆ ಗಾಳಿ ಒಳ್ಳೆಯದುಂಟು."

ಆ ಮಾತು ಬೈಗುಳಕ್ಕಿಂತ ಜೋರಾಗಿ ನಾಟಿತು. ಇವರು ಕೂಗಾಡಿದ್ದರೆ ಎಷ್ಟು ಹಗುರಾಗುತ್ತಿತ್ತು ಎಂದು ತಾರಾನಾಥರಿಗೆ ಅನ್ನಿಸಿತು. "ನಾನು ಇಷ್ಟು ದೂರ ತಂದಿದ್ದೇನೆ. ಒಂದು ಸಲ ನೋಡಿ ಆದರೂ" ಎಂದು ಅಂಗಲಾಚಿದರು.

"ಅವರು ನೋಡಿದ್ದಾರೆ ಸಾರ್" ಎಂದರು ಮುಮ್ತಾಝ್.

"ನೀನು ಒಳಗೆ ಹೋಗು" ಎಂದರು ಸುಲೈಮಾನ್.

ಮುಮ್ತಾಝ್ ಹೋಗಲಿಲ್ಲ. "ಎರಡು ವರ್ಷದಿಂದ ರಸ್ತೆಯಲ್ಲಿ ಹೋಗುವವರಿಗೆಲ್ಲ ಮುಖ ಕೊಟ್ಟು ಮೀನು ಹುರಿಯುವವಳು ನಾನು. ಒಂದು ಮಾತು ಹೇಳ್ತೇನೆ. ಇಂಥದ್ದೇ ನಕಾಶೆ ನಮ್ಮಲ್ಲಿಯೂ ಉಂಟು. ಜಾಗ ತಕೊಳ್ಳುವಾಗ ವಕೀಲರು ಕೊಟ್ಟು, ಕಲ್ಲು ಯಾವುದೆಂದು ತೋರಿಸಿದ್ದರು. ಸಭೆಗೆ ಇವರು ಅದನ್ನು ತಕೊಂಡೇ ಹೋಗಿದ್ದರು."

ತಾರಾನಾಥರಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. "ಮತ್ತೆ ಯಾಕೆ ತೋರಿಸಲಿಲ್ಲ?" ಎಂದು ಕೇಳುವಾಗ ಅವರ ದನಿ ಅವರಿಗೇ ಕೇಳಿಸಲಿಲ್ಲ.

ಸುಲೈಮಾನ್ ನಕಾಶೆಯನ್ನು ಮೆಲ್ಲಗೆ ಸುತ್ತಿ ಅವರ ಕೈಗೆ ಕೊಟ್ಟರು.

"ಎದುರಿನ ಸಾಲಿನಲ್ಲಿ ನಿಮ್ಮ ಅಮ್ಮ ಕೂತಿದ್ದರು ಸಾರ್."