ದೈವ ಹೇಳಿದ ಎಕ್ಸ್‌ಟ್ರಾ ಫಿಟಿಂಗ್

"ಹ್ವಾಯ್ ರವಿರಾಜಣ್ಣ, ಸತ್ಯ ಹೇಳಿ. ನೀವ್ ಪಾತ್ರಿಗಳಿಗೆ ಎಷ್ಟ್ ಕಮಿಷನ್ ಕೊಡ್ತ್ರಿ?"

ತಲ್ಲೂರಿನ ಹೆದ್ದಾರಿ ಬದಿಯ ಅಂಗಡಿಯಲ್ಲಿ ಅಕ್ಷಯ ಹೀಗೆ ಕೇಳಿದರೂ ರವಿರಾಜ ಸ್ಪ್ಯಾನರ್ ಕೆಳಗಿಡಲಿಲ್ಲ. ಅಕ್ಷಯನ ಹೊಸ ಟೂರಿಂಗ್ ಬೈಕಿಗೆ ಅವನು ಸಾಮಾನು ಜೋಡಿಸುತ್ತಿರುವುದು ಇದು ಮೂರನೆಯ ಸಲ. ಮೂರು ಸಲವೂ ಪಟ್ಟಿ ಬಂದದ್ದು ಊರ ದೈವ ಹಾಯ್ಗುಳಿಯ ಬಾಯಿಂದ.

"ಕಮಿಷನ್ ಕೊಡುದಾರೆ ಹಾಯ್ಗುಳಿಗೇ ಕೊಡ್ಕ್ ಮಾರಾಯ. ಪಾತ್ರಿ ನನ್ ಅಂಗ್ಡಿ ಬಾಗ್ಲಿಗೂ ಬರ್ಲಿಲ್ಲ."

ಅಕ್ಷಯ ಮರವಂತೆಯವನು. ಗಂಗೊಳ್ಳಿಯ ಬೋಟಿನಲ್ಲಿ ದುಡಿಮೆ. ಜೂನ್ ಬಂತೆಂದರೆ ಎರಡು ತಿಂಗಳು ಯಂತ್ರದ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ವರ್ಷಕ್ಕೆ ಅವನಿಗಿರುವ ರಜೆ ಅದೊಂದೇ. ಆರು ವರ್ಷ ಆ ರಜೆಯಲ್ಲಿ ಚಾವಡಿಯಲ್ಲಿ ಕೂತು ಬಲೆ ಹೆಣೆಯುತ್ತ ಅವನು ಕನವರಿಸಿದ್ದು ಲಡಾಖನ್ನು. ಈ ವರ್ಷ ಬೈಕೂ ಬಂತು.

ತಾಯಿ ರತ್ನ ಬೇಡವೆಂದಳು. ಮಗ ಕೇಳಲಿಲ್ಲ. ಆಗ ಆ ಊರಿನ ಯಾವ ತಾಯಿಯಾದರೂ ಮಾಡುವುದನ್ನೇ ಅವಳೂ ಮಾಡಿದಳು: ದೈವ ನುಡಿಯುವ ಮಂಗಳವಾರದ ದರ್ಶನಕ್ಕೆ ಮಗನನ್ನು ಹಾಯ್ಗುಳಿಯ ಗುಡಿಗೆ ಎಳೆದುಕೊಂಡು ಹೋದಳು. ಮದುವೆಯಿರಲಿ, ಮನೆಗೆ ಅಡಿಗಲ್ಲು ಇಡುವುದಿರಲಿ, ಅಲ್ಲಿ ಕೇಳದೆ ಆ ಮನೆಯಲ್ಲಿ ಏನೂ ನಡೆಯುವುದಿಲ್ಲ. ದೈವ ಬೇಡವೆಂದರೆ ಅಕ್ಷಯನೂ ಮೀರುವವನಲ್ಲ.

ದೈವದ ಮೇಲೆ ನಂಬಿಕೆ ಇದ್ದರೂ ರತ್ನ ತನ್ನ ಕಡೆಯಿಂದ ಕೊರತೆ ಮಾಡಲಿಲ್ಲ. ಹಿಂದಿನ ದಿನವೇ ಪಾತ್ರಿ ವೆಂಕಟನ ಮನೆಗೆ ನಾಲ್ಕು ಕಾಣೆ ಮೀನು ಮುಟ್ಟಿಸಿದಳು. ದೈವ ಬಂದು ನುಡಿಯುವುದು ಅವನ ಮೈಮೇಲೆ. ಮಗನ ಹುಚ್ಚನ್ನು ವಿಸ್ತಾರವಾಗಿ ತೋಡಿಕೊಂಡಳು. ವೆಂಕಟ ಕಿವಿಗೊಟ್ಟು ಕೇಳಿದ. ಎಷ್ಟು ದಿನದ ದಾರಿ, ರಾತ್ರಿ ತಂಗುವುದೆಲ್ಲಿ, ಮೀನೂಟ ಸಿಕ್ಕುತ್ತದೆಯೇ ಎಂದೆಲ್ಲ ವಿಚಾರಿಸಿದ. ತನ್ನ ಮಗನ ಮೇಲೆ ಎಷ್ಟು ಕಾಳಜಿ ಎಂದು ರತ್ನಳ ಕಣ್ಣು ತುಂಬಿತು.

ಮರುದಿನ ವೆಂಕಟ ಅಡಿಕೆ ಹೂವಿನ ಸಿಂಗಾರ ಹಿಡಿದು ನಡುಗಿದ. ದೈವ ನುಡಿಯಿತು: "ದೂರದ ದಾರಿ. ಬೆಳಕಿಗೆ ಬೆಳಕು ಸೇರಲಿ. ಬಿದ್ದರೂ ಕಾಲು ಮುರಿಯದಿರಲಿ."

ರತ್ನಳ ಮುಖ ಸಣ್ಣದಾಯಿತು. ಬೇಡ ಎಂಬ ಮಾತೇ ಬರಲಿಲ್ಲವಲ್ಲ.

ನುಡಿಗೆ ಅರ್ಥ ಹೇಳಿದವನು ರವಿರಾಜ. "ಬೆಳಕಂದ್ರೆ ಫಾಗ್ ಲ್ಯಾಂಪ್, ಎರಡ್. ಕಾಲಿಗೆ ಕ್ರ್ಯಾಶ್ ಗಾರ್ಡ್. ದೈವಕ್ಕೆ ಗೊತ್ತಿಲ್ದಿದ್ ಎಂತಿತ್ತ್?"

ಎರಡನೆಯ ಮಂಗಳವಾರ: "ಬೆನ್ನಿಗೆ ಆಸರೆ ಇರಲಿ. ಕೂತ ಜಾಗ ಕಲ್ಲಾಗದಿರಲಿ." ರವಿರಾಜ ಬ್ಯಾಕ್‌ರೆಸ್ಟ್ ಬಿಗಿದ. ಉದ್ದದ ಸೀಟಿಗೆ ಮೆತ್ತೆ ಹಾಕಿದ.

"ಬ್ಯಾಕ್‌ರೆಸ್ಟ್ ನಂಗೆಂತಕೆ?" ಎಂದ ಅಕ್ಷಯ.

"ಬ್ಯಾಗ್ ಕಟ್ಟುಕೆ ಆತ್ತ್. ದೈವದ್ ಹತ್ರ ತರ್ಕ ಮಾಡ್ತ್ಯಾ?"

ಮೂರನೆಯ ವಾರ ಪೆಟ್ಟಿಗೆ ಮೂರು, ಗಾಳಿ ತಡೆಯಲು ಎತ್ತರದ ಗಾಜು. ಬೈಕು ಮದುಮಗನ ಹಾಗೆ ಕಾಣತೊಡಗಿತು. ಮನೆಯಲ್ಲಿ ಮಾತ್ರ ಮದುವೆಯ ಕಳೆ ಇರಲಿಲ್ಲ. ತಾಯಿಯೇ ದಿನ ದೂಡಿಸುತ್ತಿದ್ದಾಳೆಂದು ಮಗನಿಗೆ ಗುಮಾನಿ. ತಾಯಿಗೆ ಬೇರೆಯೇ ಗುಮಾನಿ.

"ನೀ ಪಾತ್ರಿಗಳಿಗೆ ಎಂತ ಕುಡ್ಸಿದ್ಯಾ, ಸತ್ಯ ಹೇಳ್."

"ಕಾಣೆ ಮೀನ್ ಕೊಟ್ಟದ್ ಯಾರ್?"

ರತ್ನ ಒಲೆಯ ಕಡೆ ತಿರುಗಿದಳು.

ಮೇ ತಿಂಗಳ ಕೊನೆಯ ಮಂಗಳವಾರ ಬಂತು. ಮಳೆ ಹಿಡಿದರೆ ಗುಡಿಯಲ್ಲಿ ದರ್ಶನವಿಲ್ಲ. ಮತ್ತೆ ಕೇಳುವುದಿದ್ದರೆ ದೀಪಾವಳಿ ಕಳೆಯಬೇಕು. ಗಂಧ ಹಚ್ಚಿಕೊಂಡ ವೆಂಕಟನ ಎದೆ ಏರಿಳಿಯಿತು. "ಗಾಡಿ ಸರಿಯಾಯಿತು. ಹೋಗು."

ಅಕ್ಷಯ ಕೈಮುಗಿದ.

"ಆದರೆ ಒಬ್ಬನೇ ಹೋಗಬಾರದು. ನನ್ನ ಎಲ್ಲೆಯೊಳಗಿನ ಗಂಡಾಳೊಬ್ಬ ಜೊತೆಗಿರಲಿ. ತಪ್ಪಿದರೆ ನಾನು ಹೊಣೆಯಲ್ಲ."

ಮೂರು ವಾರಗಳಲ್ಲಿ ಮೊದಲ ಬಾರಿಗೆ ರತ್ನ ನಕ್ಕಳು. ದೈವ ನೇರವಾಗಿ ಬೇಡ ಎನ್ನುವುದಿಲ್ಲ, ದಾರಿ ಕಟ್ಟುತ್ತದೆ ಎಂದುಕೊಂಡು ಎರಡು ಕಾಯಿ ಹೆಚ್ಚಿಗೆ ಒಡೆಸಿದಳು.

ಅಕ್ಷಯ ಮನೆಮನೆ ಅಲೆದ. ಜೊತೆಯ ಹುಡುಗರೆಲ್ಲ ಮಳೆಗಾಲದಲ್ಲೂ ಕಡಲಿಗಿಳಿಯುವ ನಾಡದೋಣಿಗೆ ಹೆಸರು ಕೊಟ್ಟಾಗಿತ್ತು. ಚಿಕ್ಕಪ್ಪನ ಮಗ ಚಂದ್ರ ಒಪ್ಪಿದ. ಚಂದ್ರನ ಹೆಂಡತಿ ಒಪ್ಪಲಿಲ್ಲ. ರವಿರಾಜ ಬರುತ್ತೇನೆಂದ, ಆದರೆ ಅವನ ಮನೆ ಹಾಯ್ಗುಳಿಯ ಎಲ್ಲೆಯಿಂದ ಆಚೆ. ಐದು ದಿನ ಕಳೆಯಿತು. ಅಕ್ಷಯ ಬೈಕಿನ ಮೇಲೆ ಟಾರ್ಪಾಲು ಹೊದೆಸಿ, ಮೂಲೆಯ ಬಲೆಯ ರಾಶಿಯನ್ನು ಚಾವಡಿಗೆ ಎಳೆದ. ರತ್ನ ಅವನಿಗೆ ಪ್ರೀತಿಯ ಸಿಗಡಿ ಸುಕ್ಕ ಮಾಡಿ ಬಡಿಸಿದಳು. ಅವನು ಅರ್ಧ ಉಂಡು ಎದ್ದ. ಆ ಅರ್ಧ ತಟ್ಟೆಯನ್ನು, ರಾತ್ರಿ ಎದ್ದರೆ ಉಣ್ಣಲೆಂದು, ಗೆದ್ದವಳೇ ಮುಚ್ಚಿ ಎತ್ತಿಟ್ಟಳು.

ಮರುದಿನ ಬೆಳಿಗ್ಗೆ, ಪೆಟ್ಟಿಗೆಗಳನ್ನು ಬಿಚ್ಚಿ ರವಿರಾಜನಿಗೆ ಮರಳಿಸಿಬಿಡೋಣವೆಂದು ಅಕ್ಷಯ ಅಂಗಳಕ್ಕಿಳಿದ. ಟಾರ್ಪಾಲು ಆಗಲೇ ಮಡಚಿ ಬದಿಗಿತ್ತು. ಬೈಕಿನ ಹಿಂದಿನ ಸೀಟಿನಲ್ಲಿ ರೈನ್‌ಕೋಟು ತೊಟ್ಟ ಆಸಾಮಿಯೊಬ್ಬ ಆರಾಮವಾಗಿ ಒರಗಿ ಕೂತಿದ್ದ. ತೊಡೆಯ ಮೇಲೆ ಹೊಸ ಹೆಲ್ಮೆಟ್ಟು.

"ವೆಂಕಟಣ್ಣ, ನೀವಾ?" ಬಾಗಿಲಿಗೆ ಬಂದ ರತ್ನ ಸೌಟು ಹಿಡಿದೇ ಅಂಗಳಕ್ಕಿಳಿದಳು. "ನೀವ್ ಎಂತ ಇಲ್ಲಿ?"

"ದೈವ ಹೇಳಿದ್ದ್ ನಂಗೂ ಕೇಳಿತ್ತಲ್ದಾ ರತ್ನಾ," ಎಂದ ಪಾತ್ರಿ, ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಳ್ಳುತ್ತ. "ಹೊರಡ್ ಮಗಾ. ಹಾಯ್ಗುಳಿ ಇನ್ನೂ ಹಿಮ ಕಾಣ್ಲಿಲ್ಲ."